ಮಾವನ ಡೇರೆಗೆ ನಾನು ಬಿಟ್ಟ ನೀರು

ಈ ಜನ್ಮದಲ್ಲಿ ನಾನು ನೆಟ್ಟಗೆ ನಿಲ್ಸಿರೋದು ಎರಡೇ. ಒಂದು ಬೈಕು, ಅದೂ ಸೈಡ್ ಸ್ಟ್ಯಾಂಡಲ್ಲಿ. ಇನ್ನೊಂದು ನನ್ನ ಕೂದ್ಲು. ಅಂಥವನು ಕುಂದಾಣದ ಹತ್ರ ಇರೋ ನಮ್ಮ ರಾಗಿ ಹೊಲದ ಅಂಚಲ್ಲಿ ಹತ್ತು ಟೆಂಟ್ ನಿಲ್ಲಿಸಿ, ಶನಿವಾರ ಭಾನುವಾರ ಬೆಂಗಳೂರಿನವ್ರನ್ನ ಕರ್ಕೊಂಬಂದು ಮಲಗಿಸ್ತೀನಿ ಅಂತ ಹೊರಟುಬಿಟ್ಟೆ.

"ಯಾಕೋ, ಪಾಪ ಅವ್ರಿಗೆ ಮನೆ ಇಲ್ವಾ?" ಅಂದ್ಲು ಅಮ್ಮ.

ನನ್ನ ಜೊತೆ ಪಾರ್ಟ್ನರ್ ಆಗಿ ಒಬ್ಬ ಗೆಳೆಯ ಇದ್ದ. ಅವನದ್ದು ನೈಲಾನ್ ಪಾರ್ಟಿ. "ಗುರು, ನೈಲಾನ್ ಅಂದ್ರೆ ಬ್ಯಾಗಿಂದ ತೆಗೆದು ಎಸೆದ್ರೆ ಸಾಕು, ತಾನೇ ಬಿಚ್ಕೊಳ್ಳತ್ತೆ. ಕ್ಯಾನ್ವಾಸ್ ಹೊರೋಕೆ ಎತ್ತು ಬೇಕು." ಅಮ್ಮಂದು ಕ್ಯಾನ್ವಾಸ್ ಪಾರ್ಟಿ. ಯಾಕಂದ್ರೆ ಅವಳ ಅಣ್ಣ, ಅಂದ್ರೆ ನನ್ನ ಸೋದರಮಾವ, ದೊಡ್ಡಬಳ್ಳಾಪುರದಲ್ಲಿ ಲಾರಿಗೆ ಕ್ಯಾನ್ವಾಸ್ ಟಾರ್ಪಾಲ್ ಹೊಲಿಯೋನು. ಪ್ಲಾಸ್ಟಿಕ್ ಟಾರ್ಪಾಲ್ ಬಂದ್ಮೇಲೆ ಲಾರಿಯೋರು ಅವನ ಅಂಗಡಿ ಮುಂದೆ ಟೀ ಕುಡಿಯೋಕೆ ಮಾತ್ರ ನಿಲ್ಲಿಸೋರು. ಬಾಶೆಟ್ಟಿಹಳ್ಳಿ ಫ್ಯಾಕ್ಟರಿ ಗೇಟಲ್ಲಿ ಸೆಕ್ಯೂರಿಟಿ ಕೆಲಸ ಇದೆ ಬಾ ಅಂತ ಯಾರೋ ಕರೆದಿದ್ರು. ಮಾವ ಹೋಗಿ ಯೂನಿಫಾರಂಗೆ ಅಳತೆನೂ ಕೊಟ್ಟು ಬಂದಿದ್ದ. ಮೂವತ್ತು ವರ್ಷ ಲಾರಿಗಳ ಅಳತೆ ತಗೊಂಡೋನು ಕೈ ಎತ್ಕೊಂಡು ನಿಂತು ಇನ್ನೊಬ್ಬ ಟೈಲರ್‌ಗೆ ಅಳತೆ ಕೊಟ್ಟ. ಅದನ್ನ ನಾನು ಮನೇಲಿ ಆಕ್ಟಿಂಗ್ ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದ್ದೆ. ಈಗ ನಮ್ಮ ಹತ್ತು ಟೆಂಟ್ ಸಿಕ್ಕಿದ್ರೆ ಮಿಷಿನ್ ಉಳಿಯತ್ತೆ. ಇಲ್ಲಾಂದ್ರೆ ಗೇಟು.

ಮಾವ ಸ್ಯಾಂಪಲ್‌ಗೆ ಅಂತ ಒಂದು ಡೇರೆ ಹೊಲಿದು ಮೊಪೆಡ್ ಮೇಲೆ ಹೇರ್ಕೊಂಡು ಬಂದ. ದೂರದಿಂದ ನೋಡಿದ್ರೆ ಆನೆಮರಿ ಮೊಪೆಡ್ ಓಡಿಸ್ಕೊಂಡು ಬಂದಂಗಿತ್ತು. ಇಳಿಸಿದ್ದೇ ನನ್ನ ಕಿವಿ ಹಿಡಿದು ಹೇಳ್ದ: "ಅಳಿಯಂದ್ರೇ, ಗಮನ ಇಟ್ಟು ಕೇಳು. ಹೊಸ ಕ್ಯಾನ್ವಾಸು ಮೊದಲನೇ ನೀರಿಗೆ ಸೋರತ್ತೆ. ಚೆನ್ನಾಗಿ ನೆನೆಸಿ ಒಣಗಿಸು. ಎರಡು ಸಲ. ನೂಲು ಉಬ್ಬಿ ತೂತೆಲ್ಲಾ ಮುಚ್ಕೊಳ್ಳತ್ತೆ. ಆಮೇಲೆ ಸಮುದ್ರ ಸುರಿದ್ರೂ ಒಳಗೆ ಬರಲ್ಲ. ಭಾನುವಾರ ಬರ್ತೀನಿ, ಎಲ್ರ ಮುಂದೆ ಪರೀಕ್ಷೆ ಮಾಡಿ ನೋಡ್ಕೊಳ್ಳಿ."

ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು. ಬೋರ್‌ವೆಲ್ ಇಪ್ಪತ್ತು ಹೆಜ್ಜೆ ದೂರ. ಆ ನಾಲ್ಕು ದಿನ ನಾನು ಏನ್ ಮಾಡ್ದೆ ಅಂದ್ರೆ, ಆ ಡೇರೆ ಗಂಟಿನ ಮೇಲೆ ಮಲಗಿ ನಮ್ಮ ಕ್ಯಾಂಪಿಗೆ ಏನು ಹೆಸರಿಡೋದು ಅಂತ ಯೋಚನೆ ಮಾಡ್ದೆ. ಹೆಸರೂ ಹೊಳೀಲಿಲ್ಲ, ಡೇರೆನೂ ನೆನೀಲಿಲ್ಲ.

ಭಾನುವಾರ ಮಾವ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕ್ಕೊಂಡು ಬಂದ. ಊರಿನ ಹತ್ತಾರು ಜನ ಸೇರಿದ್ರು. ಒಂದು ಕಡೆ ಗೆಳೆಯನ ನೀಲಿ ನೈಲಾನು, ಇನ್ನೊಂದು ಕಡೆ ಮಾವನ ಖಾಕಿ ಕ್ಯಾನ್ವಾಸು.

"ನೆನೆಸಿದ್ಯೇನಪ್ಪಾ?"

"ಎರಡು ಸಲ ಮಾವ."

ಯಾಕೆ ಹಂಗಂದೆ ಅಂತ ಇವತ್ತಿಗೂ ಗೊತ್ತಿಲ್ಲ. ಮರೆತೆ ಅಂದಿದ್ರೆ ನಾಲ್ಕು ಬೈಗುಳ ಬೈದು ಮುಂದಿನ ಭಾನುವಾರ ಅಂತಿದ್ದ. ಬೈಗುಳ ನನಗೆ ಹೊಸದಾ? ಆದ್ರೆ ಅಷ್ಟು ಜನ ನನ್ನನ್ನೇ ನೋಡ್ತಿದ್ರಲ್ಲ. ನನಗೆ ಜನ ಅಂದ್ರೆ ಪ್ರಾಣ.

"ಹಂಗಾದ್ರೆ ನಾನೇ ಒಳಗೆ ಕೂತ್ಕೋತೀನಿ. ಬಿಡ್ರೋ ನೀರು" ಅಂತ ಮಾವ ಒಳಗೆ ಹೋಗಿ ಚಕ್ಕಂಬಕ್ಕಲ ಹಾಕಿ ಕೂತ.

ಪೈಪ್ ಹಿಡಿದಿದ್ದು ನಾನೇ. ಮೊದಲು ಒಂದೆರಡು ಹನಿ. ಆಮೇಲೆ ಜರಡಿ. ತೆರೆದ ಬಾಗಿಲಲ್ಲಿ ಕಾಣ್ತಿದ್ದ ಮಾವ ಕಣ್ಣು ಮುಚ್ಚಿ ತೆಗೆದು ಮಾಡ್ತಾ ಮೇಲೆ ನೋಡ್ತಿದ್ದ, ಎದ್ದು ಮಾತ್ರ ಬರ್ಲಿಲ್ಲ. ಈಗ ನಿಲ್ಲತ್ತೆ ಅನ್ಕೊಂಡಿದ್ನೋ ಏನೋ. ಜನ ನಗೋಕೆ ಶುರು ಮಾಡಿದ್ರು. ನಾನು ಪೈಪ್ ನಿಲ್ಲಿಸ್ಬಹುದಿತ್ತು. ನಿಲ್ಲಿಸೋ ಬದ್ಲು "ಮಾವಾ, ಸೋಪ್ ಕೊಡ್ಲಾ?" ಅಂತ ಕೂಗಿಬಿಟ್ಟೆ. ನನ್ನ ಜೀವನದಲ್ಲೇ ಅತಿ ಹೆಚ್ಚು ನಗು ಬಿದ್ದ ಜೋಕು ಅದೇ. ಗೆಳೆಯ ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕ್ದ.

ಮಾವ ಹೊರಗೆ ಬಂದಾಗ ಬಿಳಿ ಶರ್ಟಿಗೆ ಖಾಕಿ ಬಣ್ಣ ಹತ್ತಿತ್ತು. ಡೇರೆ ಹೊಲಿಗೆ ಮೇಲೆ ಒಂದು ಸಲ ಬೆರಳಾಡಿಸಿ ನೋಡ್ದ.

"ನೀನು ಎರಡು ಸಲ ನೆನೆಸಿದ್ಮೇಲೂ ಸೋರ್ತು ಅಂದ್ರೆ ನನ್ನ ಕೈಯೇ ಹೋಯ್ತು ಕಣಪ್ಪಾ" ಅಂದ. "ಕಣ್ಣೂ ಮೊದಲಿನಂಗಿಲ್ಲ. ನೀವು ನೈಲಾನ್ನೇ ತಗೊಳ್ಳಿ."

ಡೇರೆನ ಅಲ್ಲೇ ಬಿಟ್ಟು ಹೋದ. ಹದಿನೈದು ದಿನಕ್ಕೆ ಮಿಷಿನ್ ಮಾರಿ ಗೇಟಲ್ಲಿ ನಿಂತ.

ನಮ್ಮ ಕ್ಯಾಂಪಿನ ಕಥೆ ಜಾಸ್ತಿ ಹೇಳಲ್ಲ, ಒಂದೇ ವಾರ ನಡೆದಿದ್ದು. ನೈಲಾನ್ ಬಿಚ್ಕೊಳ್ಳೋದೇನೋ ತಾನೇ ಬಿಚ್ಕೊಂತು. ಮಡಚೋಕೆ ಹೋಗಿ ನಾನೇ ಅದರೊಳಗೆ ಸಿಕ್ಕಾಕ್ಕೊಂಡು, ನಮ್ಮ ನಾಯಿ ನನ್ನನ್ನ ಕಳ್ಳ ಅಂತ ಬೊಗಳ್ತು. ಬಂದ ನಾಲ್ಕು ಜನ ಚಳಿಗೆ ಹೆದರಿ ಜಿಪ್ಪೆಲ್ಲಾ ಬಿಗಿಯಾಗಿ ಹಾಕ್ಕೊಂಡು ಮಲಗಿದ್ರು. ಬೆಳಗ್ಗೆ ನೋಡಿದ್ರೆ ಅವ್ರು ಬಿಟ್ಟ ಉಸಿರೇ ನೀರಾಗಿ ಅವ್ರ ಮೇಲೇ ತೊಟ್ಟಿಕ್ತಿತ್ತು. ಒಬ್ಬಮ್ಮ ಹೇಳಿದ್ರು: "ಮಳೆ ಬರ್ದಿದ್ರೂ ನೆನೆಸಿದ್ರಲ್ಲಪ್ಪಾ, ಭಾಳ ಬುದ್ಧಿವಂತರು ನೀವು." ಗೆಳೆಯ ಟೆಂಟ್ ವಾಪಸ್ ಕಳಿಸಿ, ನನ್ನ ನಂಬರ್ ಬ್ಲಾಕ್ ಮಾಡ್ದ.

ರಾಗಿ ಕೊಯ್ದು ಮೆದೆ ಹಾಕಿದ ವಾರಕ್ಕೇ ತುಫಾನ್ ಮಳೆ ಹಿಡ್ಕೊಂತು. ಮೆದೆ ಮುಚ್ಚೋಕೆ ಪ್ಲಾಸ್ಟಿಕ್ ಹುಡುಕಿದ್ರೆ ಇಲಿ ತಿಂದಿತ್ತು. ಅಮ್ಮ ಹೋಗಿ, ಇಷ್ಟು ದಿನ ಹೊಲದಂಚಲ್ಲೇ ಮಳೆಗೆ ನೆಂದು ಬಿಸಿಲಿಗೆ ಒಣಗ್ತಾ ಬಿದ್ದಿದ್ದ ಮಾವನ ಡೇರೆ ಎಳ್ಕೊಂಬಂದು ಮೆದೆ ಮೇಲೆ ಹೊದಿಸಿ ಹಗ್ಗ ಕಟ್ಟಿದ್ಲು. ಮೂರು ದಿನ ಬಿಡದಂಗೆ ಸುರೀತು.

ನಾಲ್ಕನೇ ದಿನ, ಮಳೇಲಿ ನಮ್ಮ ರಾಗಿ ಏನಾಯ್ತೋ ಅಂತ ನೋಡೋಕೆ ಮಾವ ಡ್ಯೂಟಿಗೆ ಮುಂಚೆ ಬಂದ. ನೀಲಿ ಯೂನಿಫಾರಂ, ಭುಜದ ಹತ್ರ ಹೊಲಿಗೆ ಸೊಟ್ಟ. ಮೆದೆ ಮೇಲಿದ್ದ ಡೇರೆ ನೋಡಿ ಮೊಪೆಡ್ ನಿಲ್ಲಿಸ್ದ. ಹತ್ರ ಹೋಗಿ ಅಡಿಗೆ ಕೈ ಹಾಕಿ ಒಂದು ತೆನೆ ಎಳೆದು ಅಂಗೈಲಿ ಉಜ್ಜಿದ. ಒಣ ರಾಗಿ ಪುಡಪುಡ ಅಂತ ಉದುರ್ತು.

"ಅವತ್ತು ಪೈಪಲ್ಲಿ ಬಿಟ್ಯಲ್ಲ," ಅಂದ, "ಅದೇ ಮೊದಲನೇ ನೀರು. ಅಲ್ವೇನೋ?"

ನನ್ನ ಬಾಯಲ್ಲಿ ಯಾವಾಗ್ಲೂ ಒಂದು ಜೋಕು ರೆಡಿ ಇರತ್ತೆ. ಅವತ್ತೂ ಇತ್ತು. ಹೇಳ್ಲಿಲ್ಲ. ತಲೆ ಆಡಿಸ್ದೆ.

"ಅಂದ್ರೆ ಕೈ ಸರಿಯಾಗೇ ಇತ್ತು."

"ಹ್ಞೂಂ ಮಾವ."

ಹೊಡೀತಾನೆ ಅನ್ಕೊಂಡು ಕೆನ್ನೆ ಮುಂದೆ ಮಾಡ್ದೆ. ಹೊಡೀಲಿಲ್ಲ. ಅಂಗೈಲಿದ್ದ ರಾಗಿನ ನನ್ನ ಜೇಬಿಗೆ ಹಾಕಿ, ಅಮ್ಮ ಕಟ್ಟಿದ್ದ ಗಂಟು ಬಿಚ್ಚಿ, ತನ್ನ ಥರ ಬಿಗಿಯಾಗಿ ಕಟ್ಟಿ, ಮೊಪೆಡ್ ಸ್ಟಾರ್ಟ್ ಮಾಡ್ದ.

"ಮಿಷಿನ್ ಮಾರೋ ಮುಂಚೆ ಹದಿನೈದು ದಿನ ಇತ್ತಲ್ಲೋ" ಅಂದ. "ಅಷ್ಟೂ ದಿನ ನಿನಗೆ ನಗುನೇ ಬರ್ತಿತ್ತಾ?"

ಮೊಪೆಡ್ ತಿರುಗಿಸ್ಕೊಂಡು ಹೊರಟ. ಶಿಫ್ಟಿಗೆ ಲೇಟಾಗ್ತಿತ್ತು.