ಚಪ್ಪಲಿ ಬಿಟ್ಟು ನಿಂತ ತಾತ

ಮೊನ್ನೆ ಅಟ್ಟದ ಮೇಲಿನ ಹಳೇ ಡಬ್ಬ ತೆಗೆದಾಗ ಒಂದು ಕಬ್ಬಿಣದ ಬಾಚಣಿಗೆ ಸಿಕ್ಕಿತು. ಹಲ್ಲುಗಳ ಸಂದಿಯಲ್ಲಿ ಕಂದು ಕೂದಲು, ಹಿಡಿಯಲ್ಲಿ ಇನ್ನೂ ಬೇವಿನೆಣ್ಣೆಯ ವಾಸನೆ. ಹಿಂದೂಪುರದ ಈ ಮನೆಯಲ್ಲಿ ನಿಂತಿದ್ದವನು ಮನಸ್ಸಿನಲ್ಲೇ ಹಿಂದೆ ನಾನಿದ್ದ ಕಲ್ಯಾಣದುರ್ಗದ ಆ ಬಾಡಿಗೆ ಮನೆಗೆ, ಪಕ್ಕದ ಮನೆಯ ತಾತನ ಬಳಿಗೆ ಹೋಗಿಬಿಟ್ಟೆ...

ತಾತ ಯಾವುದೋ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಾವಲು ನಾಯಿಗಳನ್ನು ನೋಡಿಕೊಂಡಿದ್ದು ನಿವೃತ್ತರಾದವರು. ದೊಡ್ಡ ನಾಯಿ ಸಾಕಬೇಕೆಂದು ಯಾರು ಕೇಳಿದರೂ ಮಧ್ಯಾಹ್ನ ಎರಡು ಗಂಟೆಗೆ ಅವರ ಮನೆಗೆ ಹೋಗಿ, ಚಪ್ಪಲಿ ಬಿಟ್ಟು ಅಂಗಳದಲ್ಲಿ ನಿಲ್ಲುತ್ತಿದ್ದರು. ಕಾಲು ಸುಟ್ಟರೆ, "ವದ್ದು ಕಣಪ್ಪ, ಬ್ಯಾಡ. ಮೊದ್ಲು ನೆರಳು ಮಾಡ್ಕೋ, ಆಮ್ಯಾಕೆ ನಾಯಿ" ಎಂದು ಹೊರಟು ಬರುತ್ತಿದ್ದರು.

ಒಂದೊಂದು ಜಾತಿಯ ಗುಣವನ್ನೂ ನೆಂಟರ ಗುಣ ಹೇಳುವ ಹಾಗೆ ಹೇಳುತ್ತಿದ್ದರು. "ಗ್ರೇಟ್ ಡೇನ್ ಆಳು ದೊಡ್ಡದು, ಮನ್ಸು ಮಗೀದು. ಮೆತ್ತಗೆ ಹಾಸ್ಬೇಕು, ಉಂಡ್ಮೇಲೆ ಓಡಿಸ್ಬಾರ್ದು. ಡಾಬರ್‌ಮನ್‌ಗೆ ಓಟ ಬೇಕು, ಒಬ್ರ ಹಿಂದೇನೇ ಇರ್ತೈತೆ. ರಾಟ್‌ವೀಲರ್ ಮೊಂಡ, ಮನೇಲಿ ಎಲ್ರೂ ಒಂದೇ ಮಾತು ಹೇಳ್ಬೇಕು. ಆಲ್ಸೇಶನ್‌ಗೆ ಏನಾರ ಕೆಲ್ಸ ಕೊಡು, ದಿನಾ ಮೈ ಬಾಚು."

ಎಲ್ಲ ಕೇಳಿಸಿಕೊಂಡಿದ್ದೆ. ಆದರೆ ನಾನು ಕುಂದುರ್ಪಿಯ ಕುರಿ ಸಾಕುವ ಮನೆಯವನು, ಬೇಸಿಗೆಗೆ ಮುಂಚೆ ಕುರಿಗಳ ಉಣ್ಣೆ ಕತ್ತರಿಸುವುದನ್ನು ನೋಡಿ ಬೆಳೆದವನು. ತಾತ ಮಗಳ ಊರಿಗೆ ಹೋಗಿದ್ದಾಗ, ಪಾಪ ಸೆಕೆಯಾಗುತ್ತದೆಂದು ಆಗ ನಾನು ಸಾಕಿದ್ದ ಆಲ್ಸೇಶನ್ನನ್ನು ಅದೇ ಕುರಿ ಕತ್ತರಿಯಿಂದ ಚರ್ಮ ಕಾಣುವಂತೆ ಬೋಳಿಸಿದೆ. ನಾಲ್ಕೇ ದಿನಕ್ಕೆ ಬಿಸಿಲಿಗೆ ಬೆನ್ನು ಸುಟ್ಟು ಬೊಬ್ಬೆಗಳೆದ್ದವು. ನಾಯಿ ಅನ್ನ ಬಿಟ್ಟು ಮೂಲೆ ಸೇರಿತು. ಸತ್ತೇಹೋಗುತ್ತದೆ ಅಂದುಕೊಂಡೆ.

ಊರಿಂದ ಬಂದ ತಾತ ಬೈಯಲಿಲ್ಲ. "ಆ ಕೂದ್ಲೇ ಅದ್ಕೆ ಕೊಡೆ ಕಣಪ್ಪ. ನೀನು ಕುರಿ ಅಂದ್ಕಂಡ್ಬುಟ್ಟೆ" ಎಂದರಷ್ಟೆ. ತಾವೇ ಹೋಗಿ ದನದ ಡಾಕ್ಟರನ್ನು ಕರೆತಂದರು. ಆಮೇಲೆ ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಬಂದು, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಲಾಮು ಹಚ್ಚಿದರು. ಅಷ್ಟು ತಾಳ್ಮೆಯ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಮೈತುಂಬ ಕೂದಲು ಬಂದ ದಿನ ಈ ಬಾಚಣಿಗೆಯನ್ನು ನನ್ನ ಕೈಗಿಟ್ಟು ಹೋದರು.

ಈಗ ತಾತನೂ ಇಲ್ಲ, ಆ ನಾಯಿಯೂ ಇಲ್ಲ...

ಬಾಚಣಿಗೆ ನೋಡಿದ ಮಗಳು ಮೊಬೈಲಿನಲ್ಲಿ ಹಿಮದ ನಾಡಿನ ಹಸ್ಕಿ ನಾಯಿಮರಿಯೊಂದನ್ನು ತೋರಿಸಿ, "ಇದನ್ನ ತರಾಣಪ್ಪ" ಎಂದಳು. ಗಡಿಯಾರ ನೋಡಿದೆ, ಎರಡಾಗಿತ್ತು. ಚಪ್ಪಲಿ ಬಿಟ್ಟು ಅಂಗಳಕ್ಕಿಳಿದೆ. ಕಾಲು ಸುಟ್ಟಿತು. ಬೇಡವೆನ್ನಲು ಅಷ್ಟೇ ಸಾಕಾಗಿತ್ತು. ಆದರೆ ತಾತ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದೇನೆ ಅನಿಸಿ, ಮಗಳು ಕರೆಯುವವರೆಗೂ ಒಳಗೆ ಬರಲಾಗಲಿಲ್ಲ.