ತುದಿಯೋ ಬುಡವೋ

ಆ ಅಂಗಡಿಯಲ್ಲಿ ಹಾರ್ಮೋನಿಯಮ್ಮಿನ ಶ್ರುತಿಯನ್ನು ಆ ವಾದ್ಯದ ಒಡೆಯರ ಎದುರಿಗೇ ಕೂಡಿಸಬೇಕು. ಮುಗಿಯುವವರೆಗೆ ಅವರು ಸ್ವರದ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಅದು ಅವಳ ಮಾವನ ಕಾಲದ ಪದ್ಧತಿ. ಕಿವಿ ಬಿಟ್ಟು, ಸ್ವರ ಅಳೆಯುವ ಯಂತ್ರ ನೋಡಿ ಶ್ರುತಿ ಮಾಡುವವರನ್ನು ಮಾವ ಮೆಟ್ಟಿಲೂ ಹತ್ತಿಸುತ್ತಿರಲಿಲ್ಲ. ಗಾಳಿಗೆ ನಡುಗುವ ಹಿತ್ತಾಳೆಯ ರೀಡನ್ನು ತುದಿಯಲ್ಲಿ ಅರದಿಂದ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಈ ವಿದ್ಯೆ ಮಗನಿಗೆ ಹತ್ತದೆ ಸೊಸೆಗೆ ಹತ್ತಿತು.

ಜ್ವರವೊಂದು ಅವಳ ಎರಡೂ ಕಿವಿಗಳನ್ನು ಕೊಂಡೊಯ್ದಿತು. ಆಪರೇಷನ್ ಆಗಿ ಕಿವಿಯೊಳಗೆ ಯಂತ್ರ ಕೂತ ಮೇಲೆ ಮಾತು ವಾಪಸು ಬಂತು. ಅಡುಗೆಮನೆಯಿಂದಲೇ ಗಂಡನ ಗೊಣಗಾಟಕ್ಕೆ ಉತ್ತರ ಕೊಡುವಷ್ಟು. ಮನೆಯವರೆಲ್ಲ ಕಣ್ಣೊರೆಸಿಕೊಂಡರು. ರಾಗ ಮಾತ್ರ ಬರಲಿಲ್ಲ. ತಾಳ ಕೇಳುತ್ತಿತ್ತು, ಪದ ಕೇಳುತ್ತಿತ್ತು, ರಾಗ ಇರಬೇಕಾದ ಕಡೆ ಯಾರೋ ತಗಡು ಎಳೆದಾಡಿದ ಸದ್ದು. ಪಕ್ಕಪಕ್ಕದ ಎರಡು ಸ್ವರಗಳಲ್ಲಿ ಯಾವುದು ಮೇಲಿನದೆಂದು ತಿಳಿಯದು. ಅಷ್ಟು ಅತ್ತವರಿಗೆ ಇದನ್ನು ಹೇಳುವುದು ಹೇಗೆ? ನಾಳೆ ಹೇಳೋಣ ಎಂದುಕೊಳ್ಳುವಷ್ಟರಲ್ಲಿ ಗಂಡ ಊರೆಲ್ಲ ಸಾರಿ, ಕೆಲಸ ಒಪ್ಪಿಕೊಂಡು ಬಂದಿದ್ದ.

ಇವತ್ತು ಎದುರಿನ ಸ್ಟೂಲಿನ ಮೇಲೆ ಸಂಗೀತದ ಮೇಷ್ಟರು. ಅವಳು ಬೆರಳನ್ನು ನಂಬಿಕೊಂಡಿದ್ದಳು. ಒಂದೇ ಸ್ವರಕ್ಕೆ ಒಟ್ಟಿಗೆ ನುಡಿಯುವ ಜೋಡಿ ರೀಡುಗಳು ಕೂಡದಿದ್ದರೆ ಬೆರಳ ಕೆಳಗೆ ಹಲಗೆ ಮಿಡಿಯುತ್ತದೆ. ಕೂಡಿದರೆ ಮಿಡಿತ ನಿಲ್ಲುತ್ತದೆ. ಎಷ್ಟು ತಪ್ಪಿದೆ ಎಂದು ಬೆರಳು ಹೇಳುತ್ತದೆ, ಯಾವ ಕಡೆಗೆ ಎಂದು ಹೇಳುವುದಿಲ್ಲ. ಮೊದಲು ತುದಿ ಕೆರೆದು ತಪ್ಪಿದ್ದಳು. ಆಮೇಲೆ ಬುಡ ಕೆರೆದದ್ದು ಸಾಲಲಿಲ್ಲವೋ, ಹೆಚ್ಚಾಯಿತೋ ತಿಳಿಯಲಿಲ್ಲ.

ಗಂಡ ಟೀ ತಂದಿಟ್ಟಾಗ ಮೆಲ್ಲಗೆ ಕೇಳಿದಳು. "ಇದು ಮೇಲಿದ್ಯಾ, ಕೆಳಗಿದ್ಯಾ? ಅಷ್ಟು ಹೇಳಿ ಸಾಕು."

ಅವನು ಮೇಷ್ಟರ ಕಡೆ ತಿರುಗಿ ನಕ್ಕ. "ನೋಡಿ ಸಾರ್, ನನ್ನ ಕೇಳ್ತಾಳೆ. ನಾನು ಹಾಡೋಕೆ ಬಾಯಿ ತೆಗೆದ್ರೆ ಅಪ್ಪ ಆಚೆ ಕಳಿಸ್ತಿದ್ರು. ಹೊಸ ಕಿವಿ ಬಂದಿರೋದು ಯಾರಿಗಂತೆ?"

"ನಿಮ್ಮನ್ನ ಪರೀಕ್ಷೆ ಮಾಡ್ತಿದಾಳೆ ಬಿಡಿ," ಎಂದರು ಮೇಷ್ಟರು. "ನಿಧಾನವಾಗಿ ಮಾಡಮ್ಮ, ನಂಗೇನೂ ಅವಸರ ಇಲ್ಲ."

ಅವಳೂ ನಗಬೇಕಾಯಿತು. ಅರವನ್ನು ತುದಿಗೆ ಇಟ್ಟಳು. ಮಿಡಿತ ಜೋರಾಯಿತು. ಬುಡಕ್ಕೆ ಇಟ್ಟಳು, ಸವೆದು ಎಲೆಯಂತಾಗಿದ್ದ ರೀಡು ಟಪ್ಪೆಂದು ಮುರಿಯಿತು.

ಬೈದಿದ್ದರೆ ಹೇಳಿಬಿಡಬಹುದಿತ್ತು. ಯಾರೂ ಬೈಯಲಿಲ್ಲ. ಹಳೇ ಹಿತ್ತಾಳೆ, ಅವಳಾದರೂ ಏನು ಮಾಡಿಯಾಳು ಎಂದು ಮೇಷ್ಟರೇ ಸಮಾಧಾನ ಹೇಳಿದರು. ಗಂಡ ಡ್ರಾಯರಿನಿಂದ ಹೊಸ ರೀಡು ತೆಗೆದು ಮುಂದಿಟ್ಟ. ಅವಳು ಅದನ್ನು ಕೂರಿಸಿ, ತಿದಿ ಒತ್ತಿ, ಹಲಗೆಯ ಮೇಲೆ ಬೆರಳಿಟ್ಟಳು. ಮಿಡಿಯುತ್ತಿತ್ತು. ಮೇಷ್ಟರು ಟೀ ಗುಟುಕರಿಸುತ್ತ ಕಾಯುತ್ತಿದ್ದರು.