ಬೀಗದ ಕೈ ಕೇಳುತ್ತಿದ್ದ ವಿಮಲಕ್ಕ

ವಿಮಲಕ್ಕ ಯಾರ ಮನೆಗೆ ಹೋದರೂ ಕೂರುವ ಮೊದಲೇ ಒಂದು ಪ್ರಶ್ನೆ ಕೇಳುತ್ತಿದ್ದರು. "ಎಲ್ಲರೂ ಆಚೆ ಹೋದಾಗ ಬೀಗದ ಕೈ ಎಲ್ಲಿಡ್ತೀರಿ?"

ಗುಂಗುರು ಕೂದಲು, ಗಂಡಸರ ಕೈಗಡಿಯಾರ, ಹೆಗಲಿಗೊಂದು ಬಟ್ಟೆಚೀಲ. ಇಂಥ ಹೆಂಗಸು ಬಂದು ಹೀಗೆ ಕೇಳಿದರೆ ಯಾರಿಗಾದರೂ ಅನುಮಾನ ಬರಬೇಕು. ಆದರೆ ಹೇಳದೆ ಬಿಟ್ಟವರನ್ನು ನಾನು ಕಾಣೆ. ಎದುರುಮನೆ ಶೆಟ್ಟರ ಹತ್ತಿರ, ಮೀಟರ್ ಪೆಟ್ಟಿಗೆಯ ಮೇಲೆ, ತುಳಸಿ ಕುಂಡದ ಹಿಂದೆ ಎಂದು ನಗುತ್ತಲೇ ಹೇಳಿಬಿಡುತ್ತಿದ್ದರು. ಮೆಟ್ಟಿಲಿಳಿಯುವಾಗ ವಿಮಲಕ್ಕ ನನ್ನ ಕಡೆ ತಿರುಗಿ, "ನೋಡಿದ್ಯಾ ಶಾರದಾ? ನಿಮಗ್ಯಾಕೆ ಅಂತ ಒಬ್ಬರೂ ಕೇಳಲಿಲ್ಲ" ಎನ್ನುತ್ತಿದ್ದರು.

ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ಅವರದು ಮೂರನೇ ಮಾಳಿಗೆ, ನಮ್ಮದು ಅದರ ಕೆಳಗೆ. ನಮ್ಮ ಮೈಸೂರು ಕಡೆಯವರೇ. ಮದುವೆಯಾಗಿರಲಿಲ್ಲ. ಒಂದು ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದರು. ಏನು ಸಂಶೋಧನೆ ಎಂದು ಕೇಳಿದರೆ ಜನ ನಗುತ್ತಿದ್ದರು, ಯಾಕೆಂದರೆ ಕಂಪ್ಯೂಟರ್ ಇಟ್ಟುಕೊಂಡು ನಡೆಯುವ ಕಳ್ಳತನದ ವಿಷಯ ಅವರದು. ಕಂಪ್ಯೂಟರನ್ನೇ ಕಣ್ಣಾರೆ ಕಂಡವರು ನಮ್ಮಲ್ಲಿ ಕಡಿಮೆ.

"ಆ ಡಬ್ಬದೊಳಗೆ ಕಳ್ಳ ಹೇಗೆ ನುಗ್ತಾನೆ ವಿಮಲಕ್ಕ?" ಎಂದು ನಾನೂ ಕೇಳಿದ್ದೆ.

"ಡಬ್ಬದೊಳಗೆ ನುಗ್ಗಲ್ಲ ಕಣೇ. ಜನರ ಮಧ್ಯೆ ನುಗ್ತಾನೆ."

ಅದಕ್ಕೇ ಅವರು ಯಂತ್ರ ನೋಡುವುದಕ್ಕಿಂತ ಹೆಚ್ಚಾಗಿ ಅದರ ಮುಂದೆ ಕೂರುವವರನ್ನು ನೋಡುತ್ತಿದ್ದರು. ಊರಿನ ಆಫೀಸುಗಳಿಗೆ ಹೋಗಿ ಗುಮಾಸ್ತರ ಜೊತೆ ಚಹಾ ಕುಡಿದು, ಬೆಳಗ್ಗೆ ಮೊದಲು ಯಾರು ಬರ್ತಾರೆ, ಊಟಕ್ಕೆ ಎದ್ದರೆ ಯಾರು ನೋಡ್ಕೋತಾರೆ ಎಂದು ಕೇಳುವುದೇ ಅವರ ಕೆಲಸ. ತಾನು ಬರೆಯುವ ಪುಸ್ತಕದಲ್ಲಿ ಹೇಳಿದವರ ಹೆಸರು ಎಲ್ಲೂ ಬರುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಮೊದಲು ಮಾತು ಕೊಟ್ಟ ಮೇಲೇ ಟೇಪ್ ರೆಕಾರ್ಡರ್ ಒತ್ತುತ್ತಿದ್ದರು.

ಸಂಜೆ ನಮ್ಮ ಅಡುಗೆಮನೆಗೆ ಬಂದು, ನಾನು ಹೇಳದಿದ್ದರೂ ಮೊರ ಎಳೆದುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ದೇವರಲ್ಲಿ ನಂಬಿಕೆ ಇರಲಿಲ್ಲ. ಗುರುವಾರ ನಾನು ಪ್ರಸಾದ ಕೊಟ್ಟರೆ ಎರಡು ಸಲ ಹಾಕಿಸಿಕೊಂಡು, "ನಿನ್ನ ರಾಯರ ಮೇಲೆ ನನಗೆ ನಂಬಿಕೆ ಇಲ್ಲ ಕಣೇ, ನಿನ್ನ ಹಯಗ್ರೀವದ ಮೇಲಿದೆ" ಎನ್ನುವರು. ಹೇಗೋ, ಪ್ರಸಾದ ಹೊಟ್ಟೆಗೆ ಹೋಯಿತಲ್ಲ ಎಂದು ನಾನು ಸಮಾಧಾನಪಡುತ್ತಿದ್ದೆ.

ನಮ್ಮವರು ದಾದರಿನ ಒಂದು ಕಂಪ್ಯೂಟರ್ ಆಫೀಸಿನಲ್ಲಿದ್ದರು. ಪರೀಕ್ಷೆಯ ಅಂಕಗಳನ್ನು ಯಂತ್ರಕ್ಕೆ ತುಂಬಿ ಫಲಿತಾಂಶ ಮಾಡಿಕೊಡುವ ಕೆಲಸ. ಒಂದು ವರ್ಷ, ಫೇಲಾಗಬೇಕಾದ ಕೆಲವು ಹುಡುಗರ ಅಂಕ ತಿದ್ದಿರುವುದು ಗೊತ್ತಾಯಿತು. ತಿದ್ದಿದವರು ಯಾರು ಎಂದು ನೋಡಿದರೆ ಯಂತ್ರ ತೋರಿಸಿದ್ದು ನಮ್ಮವರ ಹೆಸರು. ಅವರ ಪಾಸ್‌ವರ್ಡ್ ಹಾಕಿಯೇ ತಿದ್ದಿದ್ದರು. ವಿಚಾರಣೆ ಮುಗಿಯುವವರೆಗೆ ಎಂದು ಅವತ್ತೇ ಸಸ್ಪೆಂಡ್ ಮಾಡಿ ಮನೆಗೆ ಕಳಿಸಿದರು.

ಅಲ್ಲಿಂದ ನಮ್ಮ ಒಂದು ರೂಮು ಅಡುಗೆಮನೆ ಜೈಲಿನ ಹಾಗಾಯಿತು. ಇವರು ಬೆಳಗ್ಗೆ ಸ್ನಾನ ಮಾಡಿ ಇಸ್ತ್ರಿ ಷರಟು ಹಾಕಿಕೊಂಡು ಮಂಚದ ತುದಿಯಲ್ಲಿ ಕೂರುವರು, ಸಂಜೆ ಅದನ್ನು ಬಿಚ್ಚಿ ಮಡಿಸಿಡುವರು. ಕಿಟಕಿ ತೆರೆದರೆ ಎದುರಿನವರು ನೋಡುತ್ತಾರೆ, ಮುಚ್ಚಿದರೆ ಸೆಕೆ. ಮಗಳು ಹಿಂದಿನ ವರ್ಷ ಒಳ್ಳೆಯ ಅಂಕ ತೆಗೆದಿದ್ದಳು. ನಲ್ಲಿಯ ಹತ್ತಿರ ಹೆಂಗಸರು ಅದನ್ನು ನೆನಪಿಸಿಕೊಂಡು ನಕ್ಕರಂತೆ. ಕೆಳಗಿನ ಮಾಲತಿಬಾಯಿ ಒಂದು ಮಧ್ಯಾಹ್ನ ಬಂದು ಸುತ್ತಿ ಬಳಸಿ, "ನಮ್ಮ ಹುಡುಗನಿಗೆ ಗಣಿತದಲ್ಲಿ ಕಮ್ಮಿ ಬಿದ್ದಿತ್ತು. ಮೊದಲೇ ಗೊತ್ತಿದ್ದಿದ್ದರೆ ನಿಮ್ಮವರಿಗೆ ಹೇಳಬಹುದಿತ್ತು" ಎಂದು ನಿಟ್ಟುಸಿರಿಟ್ಟು ಹೋದರು. ಇದನ್ನು ಹೇಳಿದಾಗ ವಿಮಲಕ್ಕ, "ಊರೆಲ್ಲ ಕಳ್ಳ ಅಂತಿದೆ, ಇವಳೊಬ್ಬಳು ಗಿರಾಕಿ ಆಗೋಕೆ ಬಂದಳಲ್ಲೇ" ಎಂದರು. ಎಷ್ಟೋ ದಿನಗಳ ಮೇಲೆ ನಾನು ನಕ್ಕೆ. ಅದೂ ದೇವರು ಕೊಟ್ಟದ್ದೇ.

ಇವರು ಬಾಯಿ ಬಿಡುತ್ತಿರಲಿಲ್ಲ. ಅತ್ತು ಕೇಳಿದ ಮೇಲೆ ಹೇಳಿದರು. ಅವರ ಆಫೀಸಿನಲ್ಲಿ ಯಂತ್ರಕ್ಕೆ ಪಾಸ್‌ವರ್ಡ್ ಹಾಕಿದ ಹೊತ್ತೇ ಹಾಜರಿ. ಮೂರು ಲೇಟ್ ಮಾರ್ಕ್ ಬಿದ್ದರೆ ಒಂದು ರಜೆ ಹೋಯಿತು. ಬೊರಿವಲಿ, ಮುಲುಂಡ್‌ನಿಂದ ಬರುವವರು ಲೋಕಲ್ ರೈಲು ನಿಂತರೆ ಏನು ಮಾಡಬೇಕು? ಹತ್ತಿರದ ವಡಾಲದಿಂದ ಹೋಗುವ ಇವರೇ ಮೊದಲು ತಲುಪಿ, ಎಲ್ಲರ ಪಾಸ್‌ವರ್ಡ್ ಹಾಕಿ ಎಲ್ಲರ ಯಂತ್ರವನ್ನೂ ತೆರೆದಿಡುವರು. ಇವರಿಗೆ ಹುಷಾರಿಲ್ಲದ ದಿನ ಬೇರೆಯವರು ಇವರದನ್ನು ತೆರೆಯುವರು. ಹೀಗೆ ಎಲ್ಲರದೂ ಎಲ್ಲರಿಗೂ ಗೊತ್ತು.

"ಅದನ್ನೇ ಹೇಳಿಬಿಡಿ" ಎಂದೆ.

"ಹೇಳಿದರೆ ಎಲ್ಲರ ಕೆಲಸಕ್ಕೂ ಕುತ್ತು. ಶುರು ಮಾಡಿದವನು ನಾನು. ಈಗ ನಾನೇ ತೋರಿಸಿಕೊಡಲಾ?"

ಇವರ ಆಫೀಸಿನವರು ಇದನ್ನು ವಿಮಲಕ್ಕನಿಗೆ ಮೊದಲೇ ಹೇಳಿದ್ದರಂತೆ, ಅವರ ಸಂಶೋಧನೆಗೆ. ನಾನು ಒದ್ದೆ ಕೈಯಲ್ಲೇ ಮೇಲೆ ಓಡಿದೆ. ನೀವು ಹೋಗಿ ಹೇಳಿ, ಓದಿದವರ ಮಾತು ಕೇಳ್ತಾರೆ ಎಂದೆ.

"ಹೇಳಲ್ಲ ಕಣೇ. ಮಾತು ಕೊಟ್ಟು ಕೇಳಿದ್ದು."

"ನಿಮ್ಮ ಪುಸ್ತಕ ದೊಡ್ಡದೋ, ನಮ್ಮ ಅನ್ನ ದೊಡ್ಡದೋ?"

ನಾನು ಬಾಗಿಲು ಎಳೆದುಕೊಂಡು ಬಂದೆ. ಆ ವಾರ ಅವರು ನಮ್ಮನೆಗೆ ಬರಲಿಲ್ಲ, ನಾನು ಕರೆಯಲೂ ಇಲ್ಲ. ಭಾನುವಾರ ಬೆಳಗ್ಗೆ ಬಾಗಿಲಲ್ಲಿ ನಿಂತು, "ಸೀರೆ ಉಟ್ಕೋ. ಬೊರಿವಲಿಗೆ ಹೋಗೋಣ" ಎಂದರು. ತಾನು ಮಾತು ಕೊಟ್ಟಿದ್ದ ಒಬ್ಬೊಬ್ಬರ ಮನೆಗೂ ಹೋಗಿ, ನೀವೇ ಹೇಳಿ, ಇಲ್ಲವೇ ನನ್ನನ್ನು ಮಾತಿನಿಂದ ಬಿಡಿಸಿ ಎಂದು ಕೇಳುವುದಕ್ಕೆ ಆಗಲೇ ಶುರು ಮಾಡಿದ್ದರಂತೆ.

ಬೊರಿವಲಿಯಲ್ಲಿದ್ದವರು ನದಾಫರು, ವಿಜಾಪುರ ಕಡೆಯವರು. ನನ್ನನ್ನು ಕಂಡದ್ದೇ ಎದ್ದು ನಿಂತರು. ವಿಮಲಕ್ಕ ಕೇಳಿದ್ದಕ್ಕೆ ತಲೆ ತಗ್ಗಿಸಿದರು.

"ಅಕ್ಕಾರ, ನಾ ಸುಳ್ಳ ಹೇಳಂಗಿಲ್ರಿ. ಖರೇ ಹೇಳಾಕೂ ಆಗಂಗಿಲ್ಲ. ನಂದಿನ್ನೂ ಟೆಂಪರರಿ ನೌಕರಿ. ಬಾಯಿ ತೆರದ್ರ ಮೊದಲ ನನ್ನ ಹೊರಗ ಹಾಕ್ತಾರ."

"ಮಳಿಗಾಲದಾಗ ನಿಮ್ಮ ಹಾಜರಿ ಯಾರು ಹಾಕ್ಯಾರ?" ಅಡುಗೆಮನೆಯಿಂದ ಅವರ ಹೆಂಡತಿ ಕೇಳಿದರು.

"ನೀ ಸುಮ್ಮನಿರ."

"ನಾ ಸುಮ್ಮನ ಅದೀನಿ. ಕೇಳಾಕತ್ತೀನಿ ಅಷ್ಟ."

ಇನ್ನೊಂದು ಸಲ ಒತ್ತಿ ಕೇಳಿದ್ದರೆ ನದಾಫರು ಒಪ್ಪುತ್ತಿದ್ದರೇನೋ. ವಿಮಲಕ್ಕ ಕೇಳಲಿಲ್ಲ. ಚಹಾ ಮುಗಿಸಿ, "ಆಗಲ್ಲ ಅಂದರೆ ಆಗಲ್ಲ, ಬೇಜಾರಿಲ್ಲ" ಎಂದು ಎದ್ದುಬಿಟ್ಟರು.

ವಾಪಸು ಬರುವ ಲೋಕಲ್ಲಿನಲ್ಲಿ ನಾನು ಮುಖ ತಿರುಗಿಸಿ ಕೂತಿದ್ದೆ. ಅಂಧೇರಿ ದಾಟಿದ ಮೇಲೆ ಅವರೇ ಮಾತಾಡಿದರು. "ನಿನ್ನ ಗಂಡ ಬಾಯಿ ಬಿಡಲ್ಲ, ನದಾಫ್ ಬಿಡಲ್ಲ, ನಾನೂ ಬಿಡೋ ಹಾಗಿಲ್ಲ. ಅಂಕ ತಿದ್ದಿದವನಿಗೆ ಇದೆಲ್ಲ ಮೊದಲೇ ಗೊತ್ತು. ಅವನು ಓದಿಕೊಂಡಿರೋದು ಮೆಷಿನ್ನನ್ನಲ್ಲ ಶಾರದಾ, ನಿಮ್ಮೆಲ್ಲರ ಒಳ್ಳೇತನವನ್ನು." ಇಷ್ಟು ವರ್ಷ ಅವರು ಏನು ಓದುತ್ತಿದ್ದರು ಎನ್ನುವುದು ನನಗೆ ಅವತ್ತು ಗೊತ್ತಾಯಿತು. ಗೊತ್ತಾಗಿ ಮಾಡುವುದೇನು? ಅವರ ಪಕ್ಕದಲ್ಲಿ ಕೂತೇ ಬಂದೆ.

ನದಾಫರು ಹದಿನೈದು ದಿನ ಬಿಟ್ಟು ತಾವಾಗಿಯೇ ವಿಚಾರಣೆಗೆ ಹೋಗಿ ಎಲ್ಲ ಹೇಳಿದರು. ಅವರ ಬೆನ್ನಿಗೆ ಇನ್ನಿಬ್ಬರು ಹೇಳಿದರು. ಎಲ್ಲರಿಗೂ ಎಚ್ಚರಿಕೆಯ ಪತ್ರ ಬಂತು. ರಾಯರ ದಯೆ, ಯಾರ ಕೆಲಸವೂ ಹೋಗಲಿಲ್ಲ. ತಿದ್ದಿದವನು ಮಾತ್ರ ಸಿಗಲಿಲ್ಲ. ಇವರನ್ನು ವಾಪಸು ತೆಗೆದುಕೊಂಡರು, ಆದರೆ ಕಂಪ್ಯೂಟರ್ ಕೋಣೆಗೆ ಬಿಡಲಿಲ್ಲ. ಟಪಾಲು ವಿಭಾಗದಲ್ಲಿ ಲಕೋಟೆಗೆ ಅಂಟು ಹಚ್ಚುವ ಕೆಲಸ. ತಪ್ಪು ಸಾಬೀತಾಗಿಲ್ಲ ಎಂದು ಬರೆದುಕೊಟ್ಟರು. ತಪ್ಪು ಮಾಡಿಲ್ಲ ಎಂದು ಬರೆಯಲಿಲ್ಲ.

ಆಮೇಲೆ ಸ್ವಲ್ಪ ಕಾಲಕ್ಕೆ ವಿಮಲಕ್ಕನಿಗೆ ದೆಹಲಿಯಲ್ಲಿ ಕೆಲಸವಾಯಿತು. ಸಾಮಾನೆಲ್ಲ ಲಾರಿಗೆ ಹೋದ ಮೇಲೆ ಹೇಳಿ ಹೋಗಲು ಬಂದರು. ಇವರು ಆಫೀಸಿನಿಂದ ಇನ್ನೂ ಬಂದಿರಲಿಲ್ಲ. ಅರಿಶಿನ ಕುಂಕುಮ ಕೊಟ್ಟೆ, ತೆಗೆದುಕೊಂಡರು. ಅಷ್ಟು ದಿನ ಗಂಟಲಲ್ಲಿದ್ದದ್ದನ್ನು ಕೇಳಿಬಿಟ್ಟೆ.

"ಒಂದು ಮಾತು ಹೇಳಿ ಹೋಗಿ ವಿಮಲಕ್ಕ. ಇವರು ತಿದ್ದಿಲ್ಲ, ಅಲ್ವಾ?"

ಅವರು ತಡಮಾಡಲಿಲ್ಲ. "ನನಗೆ ಗೊತ್ತಿಲ್ಲ ಕಣೇ."

"ಗೊತ್ತಿಲ್ಲದೆ ಅಷ್ಟೆಲ್ಲ ಓಡಾಡಿದ್ರಾ?"

"ಗೊತ್ತಿಲ್ಲ ಅಂತಲೇ ಓಡಾಡಿದ್ದು. ವಿಚಾರಣೆ ಮಾಡಿದವರಿಗೂ ಗೊತ್ತಿರಲಿಲ್ಲ, ಗೊತ್ತಿದೆ ಅಂತ ಬರೆಯೋಕೆ ಹೊರಟಿದ್ದರು. ಅದನ್ನು ತಪ್ಪಿಸಬೇಕಿತ್ತು."

ನನ್ನ ಕೈ ಅದುಮಿ ಇಳಿದು ಹೋದರು. ಸುಳ್ಳಾದರೂ ಒಂದು ಸಮಾಧಾನದ ಮಾತು ಹೇಳಬಹುದಿತ್ತು. ಆದರೆ ವಿಮಲಕ್ಕ ಹಾಗೆ ಹೇಳುವವರಾಗಿದ್ದರೆ ಅಷ್ಟು ಮನೆಗಳ ಬಾಗಿಲು ತಟ್ಟುತ್ತಿರಲಿಲ್ಲ. ಅವರನ್ನು ಮತ್ತೆ ನೋಡಲಿಲ್ಲ.

ಸಂಜೆ ಇವರು ಬಂದು ಕೈಕಾಲು ತೊಳೆದು, "ವಿಮಲಾ ಹೋದರಾ? ಏನಾದರೂ ಅಂದರಾ?" ಎಂದು ಕೇಳಿದರು. ಕೇಳಿ ನನ್ನ ಮುಖವನ್ನೇ ನೋಡುತ್ತ ನಿಂತರು.

"ನಿಮ್ಮನ್ನು ಕೇಳಿದೆ ಅಂತ ಹೇಳು ಅಂದರು" ಎಂದು ಊಟಕ್ಕೆ ಎಲೆ ಹಾಕಿದೆ.